ಮುಂದಿನ ಕಾಲದಿಂದ ಬಂದ ಅತಿಥಿಗಳು

(ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ಕೂಟದಲ್ಲಿ ವಚನಗಳನ್ನು ಕುರಿತು, ಕಾದಂಬರಿಗಳನ್ನು ಕುರಿತು ಒಳ್ಳೊಳ್ಳೆಯ ಭಾಷಣಗಳಾಗಿವೆ. ಇಂದು ನಾವು ಆರಿಸಿಕೊಂಡ ವಿಷಯವನ್ನು ಕೇಳಿ ಕೆಲವರು ಹುಬ್ಬೇರಿಸಬಹುದು. ಅದೊಂದು ಇಂಗ್ಲಿಷ್ ಸಿನೆಮಾ. ಅದೂ ಮಂಗಗಳ ಸಿನೆಮಾ. ಅದರಲ್ಲಿಯೂ ಒಂದು ಸರಣಿಯ ಮೂರನೆಯ ಭಾಗ. ಅದನ್ನು ತೆಗೆದದ್ದೋ ಕಡಿಮೆ ದುಡ್ಡಿನಲ್ಲಿ. ಇಷ್ಟೆಲ್ಲ ಕುಂದುಗಳಿದ್ದರೂ ಅದರಲ್ಲಿ ಒಂದು ದೊಡ್ಡ ಪ್ರಶ್ನೆಯಿದೆ. ಆ ಪ್ರಶ್ನೆ ನಮ್ಮ ವಾಚನಾಲಯದ ಬಾಗಿಲವರೆಗೂ ಬಂದು ನಿಲ್ಲುತ್ತದೆ. ಆದುದರಿಂದ ಅರ್ಧ ಗಂಟೆ ತಾಳ್ಮೆಯಿಂದ ಕೇಳಬೇಕೆಂದು ಬೇಡುತ್ತೇವೆ.

ಸಿನೆಮಾದ ಹೆಸರು ‘ಎಸ್ಕೇಪ್ ಫ್ರಮ್ ದಿ ಪ್ಲಾನೆಟ್ ಆಫ್ ದಿ ಏಪ್ಸ್’. ಅಮೆರಿಕದಲ್ಲಿ ಅದು ತೆರೆ ಕಂಡದ್ದು 1971ರಲ್ಲಿ. ಇದಕ್ಕೆ ಮೂಲವಾದ ಕಾದಂಬರಿಯನ್ನು 1963ರಲ್ಲಿ ಫ್ರೆಂಚ್ ಭಾಷೆಯಲ್ಲಿ ಬರೆದವರು ಪಿಯೇರ್ ಬೂಲ್. ಅದನ್ನು ಆಧರಿಸಿ 1968ರಲ್ಲಿ ಮೊದಲ ಚಿತ್ರ ಬಂದಿತು. ಅದರಲ್ಲಿ 1972ರಲ್ಲಿ ಹೊರಟ ಆಕಾಶಯಾತ್ರಿಗಳು ಸುಮಾರು ಎರಡು ಸಾವಿರ ವರ್ಷ ಮುಂದಕ್ಕೆ ಹೋಗಿ ಒಂದು ನೆಲಕ್ಕೆ ಇಳಿಯುತ್ತಾರೆ. ಅಲ್ಲಿ ವಾನರರು ಮಾತನಾಡುತ್ತಾರೆ, ರಾಜ್ಯ ಆಳುತ್ತಾರೆ. ಮನುಷ್ಯರು ಮೂಕಪ್ರಾಣಿಗಳಂತೆ ಬೋನಿನಲ್ಲಿದ್ದಾರೆ. ಕೊನೆಗೆ ಸಮುದ್ರತೀರದ ಮರಳಿನಲ್ಲಿ ಅರ್ಧ ಹೂತ ನ್ಯೂಯಾರ್ಕಿನ ಸ್ವಾತಂತ್ರ್ಯದೇವಿಯ ಮೂರ್ತಿ ಕಾಣುತ್ತದೆ. ಬೇರೆ ಲೋಕವೆಂದು ತಿಳಿದದ್ದು ನಮ್ಮದೇ ಭೂಮಿ! 1970ರ ಎರಡನೆಯ ಚಿತ್ರದ ಕೊನೆಯಲ್ಲಿ ಒಂದು ಮಹಾಬಾಂಬು ಸಿಡಿದು ಇಡೀ ಭೂಮಿಯೇ ಸುಟ್ಟುಹೋಗುತ್ತದೆ.

ಭೂಮಿಯೇ ಇಲ್ಲವಾದ ಮೇಲೆ ಮೂರನೆಯ ಭಾಗವನ್ನು ಬರೆಯುವುದೆಲ್ಲಿಂದ? ಈ ಕಷ್ಟವನ್ನು ಬಿಡಿಸಿದವರು ಇಂಗ್ಲೆಂಡಿನ ಕವಿ, ಚಿತ್ರಸಾಹಿತಿ ಪಾಲ್ ಡೇನ್. ಮುಂದಕ್ಕೆ ಹೋಗಲು ದಾರಿಯಿಲ್ಲದಿದ್ದರೆ ಹಿಂದಕ್ಕೆ ಹೋಗೋಣ ಎಂದರು. ಬಾಂಬು ಸಿಡಿಯುವ ಮೊದಲೇ ಮೂವರು ಚಿಂಪಾಂಜಿಗಳು ಮನುಷ್ಯರ ಹಳೆಯ ಆಕಾಶನೌಕೆಯನ್ನು ದುರಸ್ತಿಮಾಡಿ ಹಾರಿಬಿಡುತ್ತಾರೆ. ಸ್ಫೋಟದ ರಭಸಕ್ಕೆ ನೌಕೆ ಕಾಲದಲ್ಲಿ ಹಿಂದಕ್ಕೆ ಎಸೆಯಲ್ಪಟ್ಟು 1973ರ ಕ್ಯಾಲಿಫೋರ್ನಿಯಾದ ಸಮುದ್ರಕ್ಕೆ ಬೀಳುತ್ತದೆ.

ಗುಮಾಸ್ತರಾದ ನಮಗೆ ಇಲ್ಲಿಯ ಲೆಕ್ಕವೇ ಮೊದಲು ಕಣ್ಣಿಗೆ ಬಿದ್ದಿತು. ಮೊದಲ ಚಿತ್ರಕ್ಕೆ ಸುಮಾರು 58 ಲಕ್ಷ ಡಾಲರು ಖರ್ಚಾಗಿತ್ತು. ಮೂರನೆಯದಕ್ಕೆ ದೊರೆತದ್ದು ಸುಮಾರು 20 ಲಕ್ಷ. ಹಳೆಯ ಲೆಕ್ಕದಲ್ಲಿ ಹೇಳುವುದಾದರೆ ಹದಿನಾರಾಣೆಯ ಕೆಲಸಕ್ಕೆ ಐದೂವರೆ ಆಣೆ. ಮೊದಲ ಚಿತ್ರದಲ್ಲಿ ವಾನರರ ಊರನ್ನೇ ಕಟ್ಟಬೇಕಾಗಿತ್ತು. ನೂರಾರು ಜನರಿಗೆ ವಾನರ ಮುಖ ಹಚ್ಚಬೇಕಾಗಿತ್ತು. ಆ ಮುಖಗಳನ್ನು ರೂಪಿಸಿದ ಜಾನ್ ಚೇಂಬರ್ಸ್ ಅವರಿಗೆ ವಿಶೇಷ ಆಸ್ಕರ್ ಗೌರವವೂ ಸಂದಿತ್ತು. ಒಂದೊಂದು ಮುಖಕ್ಕೂ ಗಂಟೆಗಟ್ಟಲೆ ಕೆಲಸ. ಈಗ ಕತೆಯೇ ನಮ್ಮ ಕಾಲಕ್ಕೆ ಬಂದುದರಿಂದ ಊರು ಕಟ್ಟುವ ಖರ್ಚು ಉಳಿಯಿತು. ಲಾಸ್ ಏಂಜಲೀಸ್ ನಗರವೇ ರಂಗಸಜ್ಜಿಕೆಯಾಯಿತು. ಮಾತನಾಡುವ ವಾನರರಾಗಿ ಮೂವರು ನಟರು ಸಾಕಾದರು. ಹಣದ ಕೊರತೆಯೇ ಕತೆಯ ಗುಣವಾಯಿತು. ಮೊದಲು ವಾನರಲೋಕದಲ್ಲಿ ಮನುಷ್ಯ ಪರಕೀಯನಾಗಿದ್ದ. ಈಗ ಮನುಷ್ಯಲೋಕದಲ್ಲಿ ವಾನರರು ಪರಕೀಯರು. ನೋಡುವವನ ಕನಿಕರವೂ ಅವರ ಕಡೆಗೆ ತಿರುಗಿತು.

ಇನ್ನು ಕತೆಗೆ ಬರೋಣ. ನೀರಿಗೆ ಬಿದ್ದ ನೌಕೆಯಿಂದ ಮೂವರು ಯಾತ್ರಿಗಳು ಹೊರಬರುತ್ತಾರೆ. ಸೈನ್ಯದವರು ಗೌರವದಿಂದ ಎದುರುಗೊಳ್ಳುತ್ತಾರೆ. ಯಾತ್ರಿಗಳು ಶಿರಸ್ತ್ರಾಣ ತೆಗೆದಾಗ ನೋಡಿದರೆ ಮೂರೂ ಚಿಂಪಾಂಜಿ ಮುಖಗಳು! ಅವರನ್ನು ಪ್ರಾಣಿಸಂಗ್ರಹಾಲಯಕ್ಕೆ ಸಾಗಿಸುತ್ತಾರೆ. ಗಂಡ ಕಾರ್ನೀಲಿಯಸ್, ಹೆಂಡತಿ ಜೀರಾ, ಅವರ ಗೆಳೆಯ ವಿಜ್ಞಾನಿ ಮೈಲೋ. (ಜೀರಾ ಎಂದರೆ ಇಲ್ಲಿ ನಮ್ಮ ಒಗ್ಗರಣೆಯ ಜೀರಿಗೆಯಲ್ಲ.) ಬುದ್ಧಿಯ ಪರೀಕ್ಷೆಗಾಗಿ ಎತ್ತರದಲ್ಲಿ ಬಾಳೆಹಣ್ಣು ತೂಗುಹಾಕುತ್ತಾರೆ. ಜೀರಾ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಇಟ್ಟು ಏರುತ್ತಾಳೆ, ಆದರೆ ಹಣ್ಣನ್ನು ಮುಟ್ಟುವುದಿಲ್ಲ. ಯಾಕೆ ತೆಗೆದುಕೊಳ್ಳುವುದಿಲ್ಲ ಎಂದು ಪರೀಕ್ಷಕರು ತಮ್ಮತಮ್ಮೊಳಗೆ ಅಚ್ಚರಿಪಟ್ಟಾಗ, ತನಗೆ ಬಾಳೆಹಣ್ಣೆಂದರೆ ಆಗದು ಎಂದು ಬಾಯಿಬಿಟ್ಟು ಹೇಳಿಬಿಡುತ್ತಾಳೆ! ಆ ಬಳಿಕ ಪಕ್ಕದ ಬೋನಿನ ಗೊರಿಲ್ಲಾ ಒಂದು ಮೈಲೋನನ್ನು ಕತ್ತು ಹಿಸುಕಿ ಕೊಲ್ಲುತ್ತದೆ. ಉಳಿದವರು ಇಬ್ಬರು.

ಈ ಇಬ್ಬರಿಗೆ ಮೊದಮೊದಲು ಎಂತಹ ಸ್ವಾಗತ! ಹೊಸ ಬಟ್ಟೆ, ದೊಡ್ಡ ಹೋಟೆಲು, ಭಾಷಣಗಳು, ಪತ್ರಿಕೆಯವರ ಗುಂಪು. ಆದರೆ ರಾಷ್ಟ್ರಾಧ್ಯಕ್ಷರ ವಿಜ್ಞಾನ ಸಲಹೆಗಾರ ಹಾಸ್ಲೈನ್ ಎಂಬವನ ಮನಸ್ಸಿನಲ್ಲಿ ಸಂಶಯ ಹುಟ್ಟಿದೆ. ಜೀರಾ ಗರ್ಭಿಣಿ ಎಂದು ತಿಳಿದಾಗ ಅವನು ಅವಳಿಗೆ ದ್ರಾಕ್ಷಾರಸ ಕುಡಿಸಿ ಮಾತಿಗೆಳೆದು, ಗುಪ್ತವಾಗಿ ಧ್ವನಿ ಮುದ್ರಿಸಿಕೊಳ್ಳುತ್ತಾನೆ. ಮುಂದೆ ವಾನರರು ಮನುಷ್ಯರನ್ನು ಆಳುವರೆಂಬ ಸಂಗತಿ ಹೊರಬೀಳುತ್ತದೆ. ನಿನ್ನೆಯ ಅತಿಥಿಗಳು ಇಂದು ಕೈದಿಗಳಾಗುತ್ತಾರೆ. ಹುಟ್ಟಲಿರುವ ಮಗುವನ್ನು ಹುಟ್ಟಗೊಡಬಾರದು, ಆ ದಂಪತಿಗಳಿಗೆ ಇನ್ನು ಮಕ್ಕಳಾಗದಂತೆ ಮಾಡಬೇಕು ಎಂದು ಆಯೋಗ ತೀರ್ಮಾನಿಸುತ್ತದೆ.

ಇಲ್ಲಿ ಕಾಲದ ಪ್ರಯಾಣವೆಂದರೇನು ಎಂದು ಎರಡು ಮಾತು ಹೇಳಬೇಕು. ನಾವು ಮೆಟ್ರಿಕ್‌ವರೆಗೆ ಓದಿದವರು, ಭೌತಶಾಸ್ತ್ರದ ಪಂಡಿತರಲ್ಲ. ಓದಿ ತಿಳಿದಷ್ಟನ್ನು ಹೇಳುತ್ತೇವೆ. ಭಾಗವತದಲ್ಲಿ ಕಕುದ್ಮಿ ರಾಜನ ಕತೆಯಿದೆ. ಮಗಳು ರೇವತಿಗೆ ವರನನ್ನು ಕೇಳಲು ಅವನು ಬ್ರಹ್ಮಲೋಕಕ್ಕೆ ಹೋದ. ಅಲ್ಲಿ ಕ್ಷಣಕಾಲ ಕಾದುನಿಂತು ಕೇಳಿದಾಗ, ಅಷ್ಟರಲ್ಲಿ ಭೂಮಿಯ ಮೇಲೆ ಯುಗಗಳೇ ಕಳೆದುಹೋಗಿದ್ದುವಂತೆ. ಅದು ಪುರಾಣ. ಆದರೆ ಕಾಲ ಎಲ್ಲರಿಗೂ ಒಂದೇ ವೇಗದಲ್ಲಿ ಓಡುವುದಿಲ್ಲವೆಂದು ಐನ್‌ಸ್ಟೈನ್ ಅವರು 1905ರಲ್ಲಿಯೇ ತೋರಿಸಿದರು. ಈ ಸಿನೆಮಾ ಬಂದ 1971ರ ಅಕ್ಟೋಬರ್ ತಿಂಗಳಲ್ಲಿಯೇ ಹೇಫೆಲೆ ಮತ್ತು ಕೀಟಿಂಗ್ ಎಂಬ ಇಬ್ಬರು ವಿಜ್ಞಾನಿಗಳು ನಾಲ್ಕು ಅಣುಗಡಿಯಾರಗಳನ್ನು ಪ್ರಯಾಣಿಕರ ವಿಮಾನಗಳಲ್ಲಿಟ್ಟು ಭೂಮಿಯನ್ನು ಸುತ್ತಿಸಿದರು. ಪೂರ್ವಕ್ಕೆ ಸುತ್ತಿದಾಗ ಗಡಿಯಾರಗಳು ನೆಲದ ಗಡಿಯಾರಕ್ಕಿಂತ ಸುಮಾರು 59 ನ್ಯಾನೋಸೆಕೆಂಡು ಹಿಂದೆ ಬಿದ್ದುವು. ಪಶ್ಚಿಮಕ್ಕೆ ಸುತ್ತಿದಾಗ ಸುಮಾರು 273 ನ್ಯಾನೋಸೆಕೆಂಡು ಮುಂದೆ ಹೋದುವು. ನ್ಯಾನೋಸೆಕೆಂಡೆಂದರೆ ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು. ಹಿಂದೆ ಬಿದ್ದ ಗಡಿಯಾರವು ಅಷ್ಟರಮಟ್ಟಿಗೆ ಮುಂದಿನ ಕಾಲಕ್ಕೆ ಪ್ರಯಾಣ ಮಾಡಿದಂತೆಯೇ ಸರಿ. ಹಿಂದಿನ ಕಾಲಕ್ಕೆ ಹೋಗಿ ಬಂದವರು ಮಾತ್ರ ಯಾರೂ ಇಲ್ಲ. ಅದು ಕತೆಗಾರನ ಸ್ವಾತಂತ್ರ್ಯ.

ಸಿನೆಮಾದಲ್ಲಿ ಹಾಸ್ಲೈನ್ ಕಾಲವನ್ನು ಹೆದ್ದಾರಿಗೆ ಹೋಲಿಸುತ್ತಾನೆ. ಭೂತದಿಂದ ಭವಿಷ್ಯಕ್ಕೆ ಹೋಗುವ ಆ ಹೆದ್ದಾರಿಯಲ್ಲಿ ಲೆಕ್ಕವಿಲ್ಲದಷ್ಟು ಸಾಲುಗಳಿವೆ. ಒಂದು ಸಾಲಿನಲ್ಲಿ ಹೋದವನು ಅಪಘಾತಕ್ಕೆ ಸಿಕ್ಕುತ್ತಾನೆ, ಪಕ್ಕದ ಸಾಲಿನವನು ಉಳಿಯುತ್ತಾನೆ. ಸಾಲು ಬದಲಿಸಿದರೆ ಭವಿಷ್ಯವೂ ಬದಲಾಗುತ್ತದೆ. ಇದು ಅವನ ಸಿದ್ಧಾಂತ. ಆದುದರಿಂದ ಮಗುವನ್ನು ಕೊಂದರೆ ಮನುಷ್ಯಕುಲ ಉಳಿದೀತು ಎಂಬುದು ಅವನ ತೀರ್ಮಾನ.

ಬಂಧುಗಳೇ, ಹಾಸ್ಲೈನ್ ಕೆಟ್ಟ ಮನುಷ್ಯನೆಂದು ಸುಲಭವಾಗಿ ಹೇಳಿಬಿಡಬಾರದು. ಅವನಿಗೆ ಲಾಭದ ಆಸೆಯಿಲ್ಲ. ಮುಂದಿನವರ ಚಿಂತೆಯಿದೆ. ತಾನು ಮಾಡುವುದು ಸರಿಯೇ ಎಂಬ ಅಳುಕೂ ಅವನಲ್ಲಿ ಇದೆ. ಅವನು ಎಡವಿದ್ದೆಲ್ಲಿ ಎಂದು ನೋಡಬೇಕು.

ವಿಚಾರಣೆಯಲ್ಲಿ ಕಾರ್ನೀಲಿಯಸ್ ತಮ್ಮ ಜನಾಂಗದ ಚರಿತ್ರೆಯನ್ನು ಪೂರ್ತಿಯಾಗಿ ಹೇಳಿರುತ್ತಾನೆ. ಒಂದು ಮಾರಿ ಬಂದು ನಾಯಿ ಬೆಕ್ಕುಗಳೆಲ್ಲ ಸತ್ತವು. ಮನುಷ್ಯರು ಅವುಗಳ ಬದಲಿಗೆ ವಾನರರನ್ನು ಮುದ್ದಿಗೆ ಸಾಕಿದರು. ಕಲಿಸಿದ್ದನ್ನು ಕಲಿಯುತ್ತವೆಂದು ಕಂಡು ಆಳುಗಳನ್ನಾಗಿ ಮಾಡಿದರು. ಕೊನೆಗೆ ಗುಲಾಮರನ್ನಾಗಿ ಮಾಡಿದರು. ಬಹುಕಾಲದ ಮೇಲೆ ಒಬ್ಬ ವಾನರ ಮೊದಲ ಸಲ ‘ಇಲ್ಲ’ ಎಂದ. ಅಲ್ಲಿಂದ ದಂಗೆ ಹುಟ್ಟಿತು. ಈ ಚರಿತ್ರೆಯನ್ನು ಹಾಸ್ಲೈನ್ ಕಿವಿಯಾರೆ ಕೇಳಿದ. ಆದರೆ ಅವನ ಲೆಕ್ಕದ ಪುಸ್ತಕದಲ್ಲಿ ದಂಗೆ ಮಾತ್ರ ದಾಖಲಾಯಿತು, ಗುಲಾಮಗಿರಿ ದಾಖಲಾಗಲಿಲ್ಲ. ಸಾಲು ಬದಲಿಸಬಹುದೆಂದು ಹೇಳಿದವನೇ ಅವನಲ್ಲವೇ? ಹಾಗಾದರೆ ಕೊಲ್ಲುವುದೊಂದೇ ಸಾಲೇ? ವಾನರರನ್ನು ಗುಲಾಮರನ್ನಾಗಿ ಮಾಡಬಾರದೆಂದು ಇಂದೇ ಒಂದು ಕಾನೂನು ಮಾಡುವುದು ಇನ್ನೊಂದು ಸಾಲಾಗಿತ್ತು. ಅದು ಅವನಿಗೆ ಹೊಳೆಯಲಿಲ್ಲ. ಎದುರಿನವನು ಮುಂದೆ ಮಾಡಬಹುದಾದ ತಪ್ಪು ಕಾಣಿಸಿತು. ತನ್ನವರು ಅದಕ್ಕೆ ಮೊದಲು ಮಾಡಲಿರುವ ತಪ್ಪು ಕಾಣಿಸಲಿಲ್ಲ.

ನಮ್ಮವರಿಗೆ ಈ ಕತೆ ಹೊಸದಲ್ಲ. ಅಶರೀರವಾಣಿಯನ್ನು ಕೇಳಿದ ಕಂಸ ತಂಗಿಯ ಮಕ್ಕಳನ್ನು ಹುಟ್ಟಿದ ಹಾಗೆಯೇ ಕೊಂದ. ತಾನು ಹೀಗೇಕೆ ಸಾಯಬೇಕಾಗಿದೆ, ತನ್ನ ನಡತೆಯಲ್ಲಿ ಏನಿದೆ ಎಂದು ಅವನು ಒಮ್ಮೆಯೂ ಕೇಳಿಕೊಳ್ಳಲಿಲ್ಲ. ಸಿನೆಮಾದ ರಾಷ್ಟ್ರಾಧ್ಯಕ್ಷರು ಬೈಬಲಿನ ಹೆರೋದ ರಾಜನನ್ನು ನೆನೆಯುತ್ತಾರೆ. ನಮಗೆ ಕಂಸನ ನೆನಪಾಗುತ್ತದೆ. ಹೋಲಿಕೆ ಅಲ್ಲಿಗೇ ನಿಲ್ಲುವುದಿಲ್ಲ, ಮಗುವಿನ ಅದಲುಬದಲೂ ಇದೆ.

ಹೊಟ್ಟೆಯ ಮಗುವನ್ನು ಹೀನಾಯವಾಗಿ ಆಡಿದ ಕಾವಲಿನವನೊಬ್ಬನನ್ನು ಕಾರ್ನೀಲಿಯಸ್ ಸಿಟ್ಟಿನಿಂದ ಹೊಡೆದಾಗ ಆತ ಬಿದ್ದು ಸಾಯುತ್ತಾನೆ. ಕೊಲ್ಲುವ ಉದ್ದೇಶವಿರಲಿಲ್ಲ. ಗಂಡಹೆಂಡಿರು ಓಡಿಹೋಗುತ್ತಾರೆ. ಡಿಕ್ಸನ್ ಎಂಬ ಒಳ್ಳೆಯ ವೈದ್ಯ ಅವರನ್ನು ಅರ್ಮಾಂಡೋ ಎಂಬವನ ಸರ್ಕಸ್ಸಿನಲ್ಲಿ ಅಡಗಿಸುತ್ತಾನೆ. ಅಲ್ಲಿ ಮಗು ಹುಟ್ಟುತ್ತದೆ. ಬೆನ್ನಟ್ಟಿದವರು ಹತ್ತಿರವಾದಾಗ ಅವರು ಬಂದರಿನಲ್ಲಿ ಪಾಳುಬಿದ್ದ ಒಂದು ಹಡಗನ್ನು ಸೇರುತ್ತಾರೆ. ಅಲ್ಲಿ ಹಾಸ್ಲೈನ್ ತಾಯಿಗೂ ಅವಳ ಕೈಯಲ್ಲಿದ್ದ ಕೂಸಿಗೂ ಗುಂಡು ಹಾರಿಸುತ್ತಾನೆ. ಕಾರ್ನೀಲಿಯಸ್ ಅವನನ್ನು ಕೊಲ್ಲುತ್ತಾನೆ. ಅವನಿಗೂ ಗುಂಡು ತಗಲುತ್ತದೆ. ಜೀರಾ ಕೂಸನ್ನು ನೀರಿಗೆಸೆದು, ತೆವಳಿಕೊಂಡು ಬಂದು ಗಂಡನ ಮಗ್ಗುಲಲ್ಲಿ ಪ್ರಾಣ ಬಿಡುತ್ತಾಳೆ. ಕೊನೆಯಲ್ಲಿ ತಿಳಿಯುತ್ತದೆ: ಅದು ಸರ್ಕಸ್ಸಿನ ಬೇರೊಂದು ಚಿಂಪಾಂಜಿಯ ಮರಿ. ಜೀರಾಳ ಮಗು ಸರ್ಕಸ್ಸಿನ ಬೋನಿನಲ್ಲಿ ಸುರಕ್ಷಿತವಾಗಿದೆ. ಅದು ‘ಅಮ್ಮ’ ಎಂದು ತೊದಲುತ್ತಿದೆ. ಗೋಕುಲದಿಂದ ತಂದ ಹೆಣ್ಣುಕೂಸು ಕಂಸನ ಕೈಯಿಂದ ಜಾರಿ ಆಕಾಶಕ್ಕೇರಿತು. ಇಲ್ಲಿ ಬದಲಿ ಕೂಸಿಗೆ ಆ ಭಾಗ್ಯವೂ ಇಲ್ಲ. ಇಷ್ಟು ದುಃಖದ ಕೊನೆಯನ್ನು ಮಂಗಗಳ ಸಿನೆಮಾದಲ್ಲಿ ಯಾರು ನಿರೀಕ್ಷಿಸುತ್ತಾರೆ?

ರಬ್ಬರಿನ ಮುಖದೊಳಗಿನಿಂದ ನಮ್ಮ ಕಣ್ಣು ಒದ್ದೆಮಾಡಿದ ರೋಡಿ ಮೆಕ್‌ಡೋವಲ್, ಕಿಮ್ ಹಂಟರ್ ಅವರಿಗೂ, ನಿರ್ದೇಶಕ ಡಾನ್ ಟೇಲರ್ ಅವರಿಗೂ ಮೆಚ್ಚುಗೆ ಸಲ್ಲಬೇಕು. ಚಿತ್ರದಲ್ಲಿ ದೋಷಗಳಿಲ್ಲವೆಂದಲ್ಲ. ಸರೋವರದಲ್ಲಿ ಮುಳುಗಿದ್ದ ಆಕಾಶನೌಕೆಯನ್ನು, ಯಂತ್ರವಿದ್ಯೆ ಬೆಳೆಯದ ನಾಡಿನ ವಾನರರು ಹೇಗೆ ಎತ್ತಿ ಹಾರಿಸಿದರು ಎಂದು ಕೇಳಿದರೆ ತಕ್ಕ ಉತ್ತರವಿಲ್ಲ. ವಾನರರಾಜ್ಯಕ್ಕೆ ಮೂಲಪುರುಷನಾಗುವ ಮಗುವಿನ ತಂದೆತಾಯಿಗಳು ಅದೇ ವಾನರರಾಜ್ಯದಿಂದ ಬಂದವರು. ಬೀಜ ಮೊದಲೋ ಮರ ಮೊದಲೋ? ಇಂತಹ ಕತೆಗಳಲ್ಲಿ ಈ ಗಂಟು ಬಿಡಿಸಿದಷ್ಟೂ ಬಿಗಿಯುತ್ತದೆ.

1972ರಲ್ಲಿ, ಇನ್ನೂ ಕಡಿಮೆ, ಸುಮಾರು 17 ಲಕ್ಷ ಡಾಲರಿನಲ್ಲಿ ನಾಲ್ಕನೆಯ ಭಾಗ ಬಂದಿತು. ಹೊಡೆದಾಟ ಬೇಕೆನ್ನುವವರಿಗೆ ಅದರಲ್ಲಿ ಬೇಕಾದಷ್ಟಿದೆ. ಅದರ ಕತೆ ನಡೆಯುವುದು 1991ರಲ್ಲಿ. ಮಾರಿ ಬಂದುಹೋಗಿದೆ, ವಾನರರು ಗುಲಾಮರಾಗಿದ್ದಾರೆ, ಅಂದು ಉಳಿದ ಮಗು ದೊಡ್ಡವನಾಗಿ ಸೀಸರ್ ಎಂಬ ಹೆಸರಿನಿಂದ ದಂಗೆಯ ಮುಂದಾಳಾಗುತ್ತಾನೆ. ಕಾರ್ನೀಲಿಯಸ್ ಹೇಳಿದ ಚರಿತ್ರೆಯಲ್ಲಿ ಶತಮಾನಗಳ ಮೇಲೆ ಬರಬೇಕಾಗಿದ್ದ ದಂಗೆ, ಇಪ್ಪತ್ತು ವರ್ಷದೊಳಗೆ ಬಂದುಬಿಟ್ಟಿತು. ಎರಡು ಜೀವಗಳನ್ನು ತೆಗೆದು ಮನುಷ್ಯರು ಗಳಿಸಿದ್ದು ಇಷ್ಟೇ.

ಇನ್ನು ನಮ್ಮ ಬಾಗಿಲಿಗೆ ಬರೋಣ. ಹೊಟ್ಟೆಪಾಡಿಗೆ ಪರಊರಿಗೆ ಬಂದ ನಾವು ಒಂದು ಪ್ರಶ್ನೆಯನ್ನು ಬಲ್ಲೆವು: ‘ನೀವು ಎಷ್ಟು ಜನ ಬಂದಿದ್ದೀರಿ, ಇನ್ನೆಷ್ಟು ಜನ ಬರುತ್ತೀರಿ?’ ಈ ಪ್ರಶ್ನೆಯ ಹಿಂದೆ ಇಂದಿನ ದೂರೇನೂ ಇರುವುದಿಲ್ಲ. ನಾಳೆಯ ಅಂಜಿಕೆ ಮಾತ್ರ ಇರುತ್ತದೆ. ಅದು ಎಷ್ಟು ಚುಚ್ಚುತ್ತದೆಂದು ಬಲ್ಲ ನಾವು, ನಮ್ಮ ಬಳಿಕ ಬಂದವರನ್ನು ಅದೇ ಕಣ್ಣಿನಿಂದ ನೋಡಬಹುದೇ?

ಮುಂದಿನ ತಿಂಗಳ ಸಭೆಯ ಮುಂದೆ ಒಂದು ಸೂಚನೆ ಬರಲಿದೆ. ಹೋಟೆಲುಗಳಲ್ಲಿ ದುಡಿಯುವ ಹೊಸ ಹುಡುಗರಿಗೆ ಪುಸ್ತಕಗಳನ್ನು ಕೋಣೆಗೆ ಒಯ್ಯಲು ಕೊಡಬಾರದು; ಅವರು ಹೇಳದೆ ಕೆಲಸ ಬಿಟ್ಟು ಹೋಗಬಹುದು, ಪುಸ್ತಕ ಕಳೆಯಬಹುದು ಎಂದು ಅದರ ಸಾರಾಂಶ. ಸೂಚನೆ ತಂದವರ ಪುಸ್ತಕಪ್ರೇಮವನ್ನು ನಾವು ಗೌರವಿಸುತ್ತೇವೆ. ಕಪಾಟು ಬರಿದಾಗಬಾರದೆಂಬ ಚಿಂತೆ ನಮಗೂ ಇದೆ. ಆದರೆ ಆ ಹುಡುಗರು ಇನ್ನೂ ಒಂದು ಪುಸ್ತಕವನ್ನೂ ಕಳೆದಿಲ್ಲ. ರಾತ್ರಿ ಹನ್ನೊಂದಕ್ಕೆ ಕೆಲಸ ಮುಗಿಯುವವನು ವಾಚನಾಲಯ ಮುಚ್ಚುವ ಒಂಬತ್ತರೊಳಗೆ ಇಲ್ಲಿ ಕುಳಿತು ಓದುವುದು ಹೇಗೆ? ಅವನಿಗೆ ಪುಸ್ತಕ ಒಯ್ಯಲು ಕೊಡದಿದ್ದರೆ ಅವನ ಪಾಲಿಗೆ ವಾಚನಾಲಯವೇ ಇಲ್ಲ. ಒಮ್ಮೆಗೆ ಒಂದೇ ಪುಸ್ತಕ ಕೊಡೋಣ. ಊರಿನ ವಿಳಾಸವನ್ನೂ ಬರೆದುಕೊಳ್ಳೋಣ. ಹದಿನೈದು ದಿನಕ್ಕೊಮ್ಮೆ ನಮ್ಮಲ್ಲಿ ಒಬ್ಬರು ಹೋಗಿ ವಿಚಾರಿಸಿ ಬರೋಣ. ಅದೂ ಒಂದು ಸಾಲು. ಆ ಕೆಲಸಕ್ಕೆ ಮೊದಲ ಮೂರು ತಿಂಗಳು ನಾವೇ ಹೋಗುತ್ತೇವೆ.

ಈಗ ಕೈಯಲ್ಲಿರುವ ಮೊಬೈಲಿನಲ್ಲಿಯೇ ಸಿನೆಮಾ ನೋಡುವ ಕಾಲ. ಸಿಕ್ಕಿದರೆ ಸದಸ್ಯರು ಈ ಚಿತ್ರವನ್ನು ನೋಡಬೇಕು. ನೋಡಿ ಬಂದು ಮುಂದಿನ ತಿಂಗಳ ಸಭೆಯಲ್ಲಿ ಕೈಯೆತ್ತಬೇಕು.