ದೊಡ್ಡಪ್ಪನ ಫೋನಲ್ಲಿ ಜಾಗ ಇರಲಿಲ್ಲ: ಒಂದು ಕಂಪೈಲರ್ ಕಮಾಂಡ್‌ನ ಕತೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಮಾತು ಕಂಪೈಲರ್ ಬಗ್ಗೆ. ತಕ್ಷಣ ಸ್ಕಿಪ್ ಮಾಡ್ಬೇಡಿ, ಇದು ಶುರುವಾಗೋದು ನಮ್ಮ ದೊಡ್ಡಪ್ಪನ ಅಂಗಡಿಯಿಂದ.

ಮೈಸೂರಿನ ಕುಂಬಾರಕೊಪ್ಪಲಲ್ಲಿ ಅವರದ್ದೊಂದು ಸಣ್ಣ ದಿನಸಿ ಅಂಗಡಿ. ಗಲ್ಲಾಪೆಟ್ಟಿಗೆ ಪಕ್ಕ ಯಾವಾಗ್ಲೂ ಒಂದು ಉದ್ದನೆಯ ಸಾಲದ ಪುಸ್ತಕ ಇರುತ್ತೆ. ಅದನ್ನ ಫೋನಿಗೆ ತರ್ತೀನಿ ಅಂತ ನಾನು ಒಂದು ಆ್ಯಪ್ ಮಾಡಿದೆ. ಲೆಕ್ಕ ಮಾಡೋ ಭಾಗವನ್ನ, ನಾನೂ ಮೂವರು ಗೆಳೆಯರೂ ಸೇರಿ ಬಿಡುವಲ್ಲಿ ಕಟ್ಟುತ್ತಿದ್ದ ಪುಟ್ಟ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದಿದ್ದೆ. ಭಾಷೆ ನಮ್ದು, ಕಂಪೈಲರ್ ನಮ್ದು, ಜಂಬಾನೂ ನಮ್ದೇ.

ಆ್ಯಪ್ ಕಳಿಸಿದೆ. ಇನ್‌ಸ್ಟಾಲ್ ಆಗಲಿಲ್ಲ. ಹದಿನಾರು ಜಿಬಿಯ ಹಳೆ ಫೋನು, ಜಾಗ ಇಲ್ಲ. ಸಂಜೆ ಅವರೇ ಫೋನ್ ಮಾಡಿ, ‘ಆಯ್ತಪ್ಪಾ, ಹಾಕ್ಕೊಂಡೆ. ಮಗು ನಾಮಕರಣದ ವಿಡಿಯೊ ಎರಡು ತೆಗೆದುಬಿಟ್ಟೆ’ ಅಂದ್ರು. ಮೊಮ್ಮಗಳ ನಾಮಕರಣ. ಬೇರೆ ಎಲ್ಲೂ ಉಳಿಸಿರಲಿಲ್ಲ. ನಾನು ‘ಯಾಕೆ ದೊಡ್ಡಪ್ಪಾ?’ ಅಂದ್ರೆ, ‘ನೀನು ಮಾಡಿದ್ದಲ್ವಾ’ ಅಂದ್ರು. ಅಷ್ಟೇ. ಬೈದಿದ್ರೆ ಎಷ್ಟೋ ವಾಸಿ ಇತ್ತು.

ಒಂದು ಸಾಲದ ಪುಸ್ತಕಕ್ಕೆ ಅಷ್ಟು ಜಾಗ ಯಾಕೆ ಬೇಕು? ನನಗೇ ಗೊತ್ತಿರಲಿಲ್ಲ. ಬರೆದವನು ನಾನು, ಕಂಪೈಲರ್ ಮಾಡಿದವನೂ ನಾನೇ. ಒಳಗೇನಿದೆ ಅಂತ ಕೇಳಿದ್ರೆ ಬಾಯಿ ಬಿಡೋ ಹಾಗಿರಲಿಲ್ಲ.

ಮೊದಲು ಅನುಮಾನ ಬಂದಿದ್ದು ಕನ್ನಡದ ಮೇಲೆ. ಯುಟಿಎಫ್-8 ಅನ್ನೋ ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್ ಬೇಕು. ಕಾಗುಣಿತದ ಕೊಂಬು, ಸೊನ್ನೆ, ಒತ್ತಕ್ಷರ ಮಾಡೋ ವಿರಾಮ, ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ‘ಕುಂಬಾರಕೊಪ್ಪಲು’ ಅಂತ ಬರೆದ್ರೆ 13 ಚಿಹ್ನೆ, 39 ಬೈಟ್. ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದ್ರೆ 14 ಬೈಟ್. ‘ಆ್ಯಪ್ ಪೂರ್ತಿ ಕನ್ನಡದಲ್ಲಿದೆ, ಅದಕ್ಕೇ ದಪ್ಪ ಆಗಿದೆ’ ಅಂತ ಒಬ್ಬ ಗೆಳೆಯ ತೀರ್ಪು ಕೊಟ್ಟೇಬಿಟ್ಟ. ಕೂತು ಗುಣಿಸಿ ನೋಡಿ: ಮುನ್ನೂರು ವಾಕ್ಯ, ಒಂದೊಂದರಲ್ಲಿ 40 ಚಿಹ್ನೆ, ತಲಾ 3 ಬೈಟ್. ಒಟ್ಟು 36,000 ಬೈಟ್. ವಾಟ್ಸ್ಆ್ಯಪಲ್ಲಿ ದಿನಾ ಬರೋ ಗುಡ್ ಮಾರ್ನಿಂಗ್ ಚಿತ್ರವೇ ಸಾಮಾನ್ಯವಾಗಿ ಅದಕ್ಕಿಂತ ದೊಡ್ಡದಿರುತ್ತೆ. ಕನ್ನಡ ನಿರಪರಾಧಿ.

ಆಗ ತೀರ್ಮಾನ ಮಾಡಿದೆ, ನಮ್ಮ ಕಂಪೈಲರ್‌ಗೇ ಒಂದು ಕಮಾಂಡ್ ಸೇರಿಸ್ತೀನಿ. ತಯಾರಾದ ಬೈನರಿ, ಅಂದ್ರೆ ಫೋನು ಓಡಿಸೋ ಆ ಕೊನೆಯ ಫೈಲು, ಅದರಲ್ಲಿ ಯಾವುದು ಎಷ್ಟು ಜಾಗ ತಿಂದಿದೆ ಅಂತ ಅದು ಹೇಳ್ಬೇಕು.

ಗೆಳೆಯರಲ್ಲಿ ಒಬ್ಬ ಅಡ್ಡ ಬಂದ. ‘ಮಗಾ, ಸೈಜ್ ಅನ್ನೋ ಕಮಾಂಡ್ ಯುನಿಕ್ಸ್‌ನಲ್ಲಿ ಹಳೇ ಕಾಲದಿಂದ ಇದೆ. ಬ್ಲೋಟಿ ಅಂತ ಗೂಗಲ್‌ನವರು 2016ರಲ್ಲೇ ಕೊಟ್ಟಿದ್ದಾರೆ. ರಸ್ಟ್‌ನವರಿಗೆ ಕಾರ್ಗೋ ಬ್ಲೋಟ್ ಇದೆ. ನೀನ್ಯಾಕೆ ಕಂಪೈಲರ್ ಹೊಟ್ಟೆಗೆ ಇನ್ನೊಂದು ತುರುಕ್ತೀಯ?’ ಅಂದ. ನ್ಯಾಯವಾದ ಪ್ರಶ್ನೆ. ವಾರಗಟ್ಟಲೆ ಜಗಳ ಆಡಿದ್ವಿ.

ನನ್ನ ವಾದ ಇದು. ಹೊರಗಿನ ಉಪಕರಣ ನೋಡೋದು ಮುಗಿದುಹೋದ ಅಡುಗೆನ. ಕಂಪೈಲರ್‌ಗೆ ಮಾತ್ರ ಯಾವ ಡಬ್ಬಿಯಿಂದ ಏನು ಹಾಕಿದ್ವಿ ಅಂತ ಗೊತ್ತು. ಉದಾಹರಣೆಗೆ, ಪಟ್ಟಿಯನ್ನ ವಿಂಗಡಿಸೋ ಒಂದು ಫಂಕ್ಷನ್ ನಾನು ಒಂದೇ ಸಲ ಬರೆದಿದ್ದೆ. ಅದನ್ನ ಹೆಸರಿಗೆ, ಮೊತ್ತಕ್ಕೆ, ತಾರೀಕಿಗೆ, ಗಿರಾಕಿಗೆ ಬಳಸಿದಾಗ ನಮ್ಮ ಕಂಪೈಲರ್ ಒಂದೊಂದಕ್ಕೂ ಬೇರೆ ಪ್ರತಿ ತಯಾರಿಸುತ್ತೆ. ರಸ್ಟ್ ಕೂಡ ಹೀಗೇ ಮಾಡೋದು, ವೇಗ ಸಿಗುತ್ತೆ ಅಂತ. ಸೈಜ್ ಕಮಾಂಡ್ ಮೊತ್ತ ಮಾತ್ರ ಹೇಳುತ್ತೆ. ನನಗೆ ಬೇಕಿದ್ದದ್ದು, ‘ನೀನು ಇಂಥಾ ಸಾಲಿನಲ್ಲಿ ಒಂದು ಸಲ ಬರೆದೆ, ಇಷ್ಟು ಸಲ ನಕಲಾಯ್ತು, ಎಲ್ಲಾ ಸೇರಿ ಇಷ್ಟು’ ಅನ್ನೋ ಉತ್ತರ.

ಗೆದ್ದೆ ಅಂದ್ಕೊಂಡು ಬರೆದೆ. ಮೊದಲನೇ ಆವೃತ್ತಿ ಹೇಳಿದ ಒಟ್ಟು ಮೊತ್ತ, ಡಿಸ್ಕಲ್ಲಿದ್ದ ಫೈಲಿಗಿಂತಲೂ ದೊಡ್ಡದಿತ್ತು! ಚೀಲಕ್ಕಿಂತ ಅಕ್ಕಿ ಜಾಸ್ತಿ.

ಎರಡು ತಪ್ಪು ಮಾಡಿದ್ದೆ. ಒಂದು ಬಿಎಸ್‌ಎಸ್. ಬೈನರಿಯಲ್ಲಿ ಸಾಮಾನ್ಯವಾಗಿ ಮೂರು ಭಾಗ ಎಣಿಸ್ತಾರೆ: ಟೆಕ್ಸ್ಟ್, ಡೇಟಾ, ಬಿಎಸ್‌ಎಸ್. ಟೆಕ್ಸ್ಟ್ ಅಂದ್ರೆ ನಡೆಯೋ ಕೋಡ್, ನನ್ನ ಬದಲಾಗದ ಕನ್ನಡ ವಾಕ್ಯಗಳೂ ಆ ಲೆಕ್ಕಕ್ಕೇ ಬರುತ್ತವೆ. ಡೇಟಾ ಅಂದ್ರೆ ಮೊದಲೇ ಬೆಲೆ ಕೊಟ್ಟಿರೋ, ಮುಂದೆ ಬದಲಾಗಬಹುದಾದ ಮಾಹಿತಿ. ಬಿಎಸ್‌ಎಸ್ ಅಂದ್ರೆ ಸೊನ್ನೆಯಿಂದ ಶುರುವಾಗೋ ಜಾಗ. ಸೊನ್ನೆಗಳನ್ನ ಯಾರು ಫೈಲಲ್ಲಿ ಬರೆದಿಡ್ತಾರೆ? ‘ಇಷ್ಟು ಜಾಗ ಬೇಕು’ ಅಂತ ಚೀಟಿ ಮಾತ್ರ ಇರುತ್ತೆ, ಓಡುವಾಗ ಮೆಮೊರಿಯಲ್ಲಿ ಸಿಗುತ್ತೆ. ಈ ಹೆಸರು 1950ರ ದಶಕದ ಐಬಿಎಂ 704 ಕಾಲದ್ದು, ನಮ್ಮ ದೊಡ್ಡಪ್ಪನ ವಾರಿಗೆಯದ್ದು. ನಾನು 4 ಎಂಬಿಯ ಒಂದು ಖಾಲಿ ಬಫರ್ ಇಟ್ಟಿದ್ದೆ, ಅದನ್ನೂ ಫೈಲಿನ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದೆ.

ಎರಡನೇದು ಇನ್ನೂ ಮುಜುಗರ. ನಾನು ಎಣಿಸ್ತಿದ್ದದ್ದು ಲಿಂಕರ್‌ಗೆ ಹೋಗೋ ಮುಂಚೆ. ಲಿಂಕರ್ ಅಂದ್ರೆ ತುಂಡುಗಳನ್ನೆಲ್ಲ ಜೋಡಿಸಿ ಕೊನೆಯ ಫೈಲು ಮಾಡೋನು. ಹೇಳಿದ್ರೆ, ಯಾರೂ ಕರೆಯದ ಫಂಕ್ಷನ್‌ಗಳನ್ನ ಆಚೆ ಎಸೀತಾನೆ. ಹಂಗಾಗಿ ಕಂಪೈಲರ್‌ಗೆ ‘ಏನು ಹಾಕಿದ್ವಿ’ ಗೊತ್ತು, ‘ಏನು ಉಳೀತು’ ಗೊತ್ತಿಲ್ಲ. ಅಡ್ಡ ಬಂದ ಗೆಳೆಯ ಅರ್ಧ ಸರಿ ಇದ್ದ. ಕೊನೆಗೆ ಎರಡನ್ನೂ ಕೂಡಿಸಿದ್ವಿ. ಕಂಪೈಲರ್ ಪ್ರತಿ ನಕಲಿಗೂ ಅದರ ಮೂಲ ಯಾವುದು ಅಂತ ಒಂದು ಪಟ್ಟಿ ಬರೆದಿಡುತ್ತೆ. ಲಿಂಕ್ ಆದ್ಮೇಲೆ ಕಮಾಂಡ್ ಫೈಲನ್ನೇ ಓದಿ, ಉಳಿದಿರೋ ಹೆಸರುಗಳನ್ನ ಆ ಪಟ್ಟಿ ಜೊತೆ ತಾಳೆ ನೋಡುತ್ತೆ. ತಾಳೆ ಆಗದ್ದನ್ನ ‘ಗೊತ್ತಿಲ್ಲ’ ಅಂತ ಬೇರೆ ಸಾಲಲ್ಲಿ ತೋರಿಸುತ್ತೆ. ಆ ಸಾಲು ಇಡಲೇಬೇಕು ಅಂತ ನಾನು ಹಟ ಹಿಡಿದೆ. ಒಟ್ಟು ಮೊತ್ತ ಫೈಲಿನ ಅಳತೆಗೆ ಬೈಟ್ ಬೈಟ್ ಸರಿಹೋಗದ ವರದಿ ನನಗೆ ಬೇಡ. ಅಂಗಡಿ ಲೆಕ್ಕದಲ್ಲಿ ಹತ್ತು ರೂಪಾಯಿ ವ್ಯತ್ಯಾಸ ಬಂದ್ರೆ ದೊಡ್ಡಪ್ಪ ಊಟಕ್ಕೆ ಏಳಲ್ಲ.

ಒಂದು ಮಾತು ನಡುವೆ. ಕಂಪೈಲರ್ ಕೆಲಸ ಅಂದ್ರೆ ಅಮೆರಿಕದಲ್ಲಿ ಕೂತವರದ್ದು ಅಂತ ಕಾಲೇಜಲ್ಲಿ ಅಂದ್ಕೊಂಡಿದ್ದೆ. ನಾವು ಬಳಸೋ ಎಲ್‌ಎಲ್‌ವಿಎಂ 2000ದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಶುರುವಾಗಿದ್ದು ನಿಜ. ಆದ್ರೆ ಅದೇ ಮನೆತನದ ಎಂಎಲ್‌ಐಆರ್, 2019ರಲ್ಲಿ ಎಲ್ಲರಿಗೂ ತೆರೆದದ್ದು, ಅದರ ಆರಂಭದ ತಂಡದಲ್ಲಿ ಬೆಂಗಳೂರಿನ ಐಐಎಸ್‌ಸಿಯ ಪ್ರೊಫೆಸರ್ ಉದಯ್ ಬೊಂಧುಗುಲ ಇದ್ರು. ರೈಲಲ್ಲಿ ಮೂರು ಗಂಟೆ ದೂರ. ಇದನ್ನ ನಮಗೆ ಯಾರೂ ಹೇಳಿರಲಿಲ್ಲ.

ಸರಿ, ಕಮಾಂಡ್ ಏನು ತೋರಿಸ್ತು? ಮೇಲಿನ ಸಾಲಲ್ಲೇ ಕನ್ನಡ ಫಾಂಟ್. ಎರಡು ಸಲ, ತೆಳು ಒಂದು, ದಪ್ಪ ಒಂದು. ಆಂಡ್ರಾಯ್ಡ್‌ನಲ್ಲೇ ಕನ್ನಡ ಫಾಂಟ್ ಇದೆ, ನಾನು ಮತ್ತೆ ಬೈನರಿ ಒಳಗೆ ಹೊಲಿದಿದ್ದೆ. ಆಮೇಲೆ ದೋಷ ಹುಡುಕೋಕೆ ಇಟ್ಟ ಡೀಬಗ್ ಮಾಹಿತಿ, ಗಿರಾಕಿಗೆ ಕಳಿಸುವಾಗ ಕಿತ್ತು ಕಳಿಸಬೇಕಾದದ್ದು. ಮೂರನೇದು ಆ ವಿಂಗಡಿಸೋ ಫಂಕ್ಷನ್‌ನ ನಕಲುಗಳು. ನಾನು ಅಷ್ಟು ಜಗಳ ಆಡಿದ್ದ ವಿಷಯ ಮೂರನೇ ಸ್ಥಾನದಲ್ಲಿ!

ಇನ್ನೊಂದನ್ನ ಒಪ್ಕೋಬೇಕು. ಎಲ್ಲಕ್ಕಿಂತ ದೊಡ್ಡ ದಂಡವನ್ನ ನನ್ನ ಕಮಾಂಡ್ ಹೇಳಲೇ ಇಲ್ಲ. ಎಪಿಕೆ ಅನ್ನೋದು ಒಂದು ಜಿಪ್ ಫೈಲು. ಒಂದಿನ ಸುಮ್ನೆ ಬಿಚ್ಚಿ ನೋಡಿದ್ರೆ ಅದೇ ಲೈಬ್ರರಿ ಮೂರು ಸಲ ಇದೆ. 32 ಬಿಟ್ ಆರ್ಮ್‌ಗೆ ಒಂದು, 64 ಬಿಟ್ ಆರ್ಮ್‌ಗೆ ಒಂದು, ನನ್ನ ಲ್ಯಾಪ್‌ಟಾಪ್ ಎಮ್ಯುಲೇಟರ್‌ಗೆ ಇನ್ನೊಂದು. ಪ್ಲೇ ಸ್ಟೋರ್‌ಗೆ ಬಂಡಲ್ ಕೊಟ್ಟಿದ್ರೆ ಫೋನಿಗೆ ತಕ್ಕದ್ದನ್ನ ಮಾತ್ರ ಅದು ಕಳಿಸುತ್ತೆ. ನಾನು ನೇರ ವಾಟ್ಸ್ಆ್ಯಪಲ್ಲಿ ಕಳಿಸಿದ್ದೆ. ದೊಡ್ಡಪ್ಪನ ಫೋನು ನನ್ನ ಎಮ್ಯುಲೇಟರ್‌ನ ಭಾರ ಹೊತ್ತಿತ್ತು.

ಎಲ್ಲಾ ಕಿತ್ತ ಮೇಲೆ ಆ್ಯಪ್ ಮೊದಲಿನ ಕಾಲು ಭಾಗಕ್ಕೂ ಕಡಿಮೆ ಆಯ್ತು. ಕಮಾಂಡ್ ನಮ್ಮ ಕಂಪೈಲರ್‌ಗೆ ಸೇರ್ತು. ಅಡ್ಡ ಬಂದ ಗೆಳೆಯನೇ ಪರಿಶೀಲಿಸಿ ಒಪ್ಪಿಗೆ ಕೊಟ್ಟ, ‘ಕೇಳಿದ್ರೆ ಮಾತ್ರ ಓಡಬೇಕು’ ಅನ್ನೋ ಷರತ್ತಿನ ಮೇಲೆ. ಒಂದು ಫಂಕ್ಷನ್ ಇನ್ನೊಂದರ ಒಳಗೆ ಕರಗಿಹೋದಾಗ ಆ ಜಾಗ ಯಾರ ಲೆಕ್ಕಕ್ಕೆ ಅನ್ನೋದು ಇನ್ನೂ ಬಗೆಹರಿದಿಲ್ಲ. ಸದ್ಯಕ್ಕೆ ಕರೆದವನ ಲೆಕ್ಕಕ್ಕೆ ಬರೀತಿದ್ದೀವಿ.

ಹೋದ ವಿಡಿಯೊಗಳಲ್ಲಿ ಒಂದು ಅತ್ತಿಗೆಯ ತವರಿನವರ ಗ್ರೂಪಲ್ಲಿ ಸಿಕ್ತು, ಕುಗ್ಗಿಸಿದ ಮಸುಕು ಪ್ರತಿ. ಮಗುವಿನ ಕಿವಿಯಲ್ಲಿ ಹೆಸರು ಹೇಳೋದು ಇನ್ನೊಂದರಲ್ಲಿತ್ತು. ಅದು ಸಿಗಲಿಲ್ಲ. ಹೊಸ ಆ್ಯಪ್ ಹಾಕೋಕೆ ಹೋದ ದಿನ ದೊಡ್ಡಪ್ಪ ಫೋನ್ ಕೈಗೆ ಕೊಡೋ ಮುಂಚೆ ಕೇಳಿದ್ರು, ‘ಈ ಸಲ ಏನಾದ್ರೂ ತೆಗೀಬೇಕೇನಪ್ಪಾ?’ ಬೇಡ ದೊಡ್ಡಪ್ಪಾ ಅಂದೆ.