ಪಕ್ಕದವರು ಹಚ್ಚಿದರೆಂದು ನಾವೂ ಹಚ್ಚಬೇಕೆ?

(ಕಬ್ಬು ಬೆಳೆಗಾರ ಸಭಾಸದರ ಗಟ್ ಸಭೆಯಲ್ಲಿ ಕಬ್ಬು ಅಭಿವೃದ್ಧಿ ಅಧಿಕಾರಿಗಳು ಮಾಡಿದ ಭಾಷಣ)



ಗೊಬ್ಬರದ ಪ್ರಮಾಣ, ನೀರಿನ ಪಾಳಿ, ಕೀಟಬಾಧೆ ಈ ವಿಷಯಗಳ ಕುರಿತು ನಾನು ಪ್ರತಿ ವರ್ಷ ನಿಮ್ಮ ಮುಂದೆ ಮಾತನಾಡುತ್ತ ಬಂದಿದ್ದೇನೆ. ಇಂದು ಬೇರೊಂದು ವಿಷಯ ಎತ್ತಿಕೊಳ್ಳುತ್ತೇನೆ. ನಮ್ಮ ಹೊಲದಲ್ಲಿ ಏನು ಮಾಡಬೇಕೆಂದು ನಾವು ನಿರ್ಧರಿಸುತ್ತೇವಲ್ಲ, ಆ ನಿರ್ಧಾರದಲ್ಲಿ ನಮ್ಮ ಸ್ವಂತ ವಿಚಾರ ಎಷ್ಟು, ನೆರೆಹೊರೆಯವರ ಪ್ರಭಾವ ಎಷ್ಟು?

ಕಬ್ಬಿನ ಕಟಾವು ಮುಗಿದ ಕೂಡಲೇ ಏನಾಗುತ್ತದೆ ನೋಡಿರಿ. ಗ್ಯಾಂಗಿನವರು ಮುಂದಿನ ಹೊಲಕ್ಕೆ ಹೋಗುತ್ತಾರೆ. ಹೊಲದ ತುಂಬ ರವದಿ ಬಿದ್ದಿರುತ್ತದೆ. ಎರಡು ದಿನಗಳಲ್ಲಿ ಯಾರೋ ಒಬ್ಬರು ಕಡ್ಡಿ ಗೀರುತ್ತಾರೆ. ಆ ಹೊಗೆ ಕಂಡದ್ದೇ ತಡ, ಮರುದಿನ ಪಕ್ಕದವರು, ಅದರ ಮರುದಿನ ಅವರ ಪಕ್ಕದವರು. ಯಾಕೆ ಹಚ್ಚಿದಿರಿ ಎಂದು ಕೇಳಿದರೆ ಬರುವ ಉತ್ತರ ಒಂದೇ: "ಎಲ್ಲಾರೂ ಹಚ್ಚತಾರ್ರೀ ಸಾಹೇಬ್ರ."

ಇದು ನಮ್ಮ ಸೀಮೆಯ ರೈತರ ದೋಷವೆಂದು ತಿಳಿಯಬೇಡಿರಿ. ಮನುಷ್ಯನ ಸ್ವಭಾವವೇ ಹೀಗೆ. ಅಮೆರಿಕೆಯಲ್ಲಿ ಸಾಲಮನ್ ಆಶ್ ಎಂಬ ಮನೋವಿಜ್ಞಾನಿಗಳು 1951ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಒಂದು ಕೋಣೆಯಲ್ಲಿ ಕೆಲವು ಜನರನ್ನು ಕೂಡಿಸಿ ಒಂದು ಗೆರೆ ತೋರಿಸಿದರು. ಬೇರೆ ಮೂರು ಗೆರೆಗಳಲ್ಲಿ ಯಾವುದು ಇದಕ್ಕೆ ಸಮನಾಗಿದೆ ಎಂದು ಹೇಳಬೇಕು. ಚಿಕ್ಕ ಮಗುವೂ ಹೇಳಬಲ್ಲ ಉತ್ತರ. ಆದರೆ ಅಲ್ಲಿ ಕುಳಿತವರಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲರಿಗೆ ತಪ್ಪು ಉತ್ತರ ಹೇಳಲು ಮೊದಲೇ ಕಲಿಸಲಾಗಿತ್ತು. ಆ ಒಬ್ಬನ ಸರದಿ ಕೊನೆಯಲ್ಲಿ ಬರುತ್ತಿತ್ತು. ಪರೀಕ್ಷೆಗೆ ಒಳಗಾದವರಲ್ಲಿ ನಾಲ್ವರಲ್ಲಿ ಮೂವರು ಒಮ್ಮೆಯಾದರೂ, ಕಣ್ಣೆದುರಿನ ಗೆರೆಯನ್ನು ಬಿಟ್ಟು, ಉಳಿದವರ ತಪ್ಪು ಉತ್ತರವನ್ನೇ ಹೇಳಿದರು. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಇಲ್ಲಿ ಪ್ರತ್ಯಕ್ಷ ಕಂಡದ್ದನ್ನೇ ಜನ ಕೈಬಿಟ್ಟರು!

ಆದರೆ ಇದೇ ಪ್ರಯೋಗದಲ್ಲಿ ಇನ್ನೊಂದು ಸಂಗತಿ ಕಂಡುಬಂತು. ಆ ಗುಂಪಿನಲ್ಲಿ ಸರಿಯಾದ ಉತ್ತರ ಹೇಳುವ ಇನ್ನೊಬ್ಬನೇ ಒಬ್ಬ ಜೊತೆಗಾರ ಇದ್ದರೆ, ತಪ್ಪಿಗೆ ತಲೆಬಾಗುವುದು ಬಹಳ ಮಟ್ಟಿಗೆ ಕಡಿಮೆಯಾಯಿತು. ಈ ಮಾತನ್ನು ನೆನಪಿನಲ್ಲಿಡಿರಿ, ಕೊನೆಯಲ್ಲಿ ಇದಕ್ಕೇ ಬರುತ್ತೇನೆ.

ನೆರೆಯವರ ಪ್ರಭಾವ ಕೆಟ್ಟದ್ದೇ ಎಂದು ನಾನು ಹೇಳುತ್ತಿಲ್ಲ. ಅದೇ ದೇಶದ ಅಯೋವಾ ರಾಜ್ಯದಲ್ಲಿ ಸಂಕರಣ ಗೋವಿನಜೋಳದ ಬೀಜ ಬಂದಾಗ ರೈತರು ಅದನ್ನು ಹೇಗೆ ಸ್ವೀಕರಿಸಿದರು ಎಂಬುದನ್ನು ರಯಾನ್ ಮತ್ತು ಗ್ರಾಸ್ ಎಂಬ ಇಬ್ಬರು ಅಭ್ಯಾಸ ಮಾಡಿ 1943ರಲ್ಲಿ ಪ್ರಕಟಿಸಿದರು. ಬೀಜದ ಸುದ್ದಿಯನ್ನು ಹೆಚ್ಚಿನವರಿಗೆ ಮೊದಲು ತಿಳಿಸಿದವರು ಮಾರಾಟಗಾರರು. ಆದರೆ ಬಿತ್ತುವ ಧೈರ್ಯ ಕೊಟ್ಟದ್ದು ನೆರೆಯ ರೈತನ ಅನುಭವ. ಅಂದರೆ ನನ್ನಂಥ ಅಧಿಕಾರಿಯ ನೂರು ಭಾಷಣಕ್ಕಿಂತ ನಿಮ್ಮ ಬಾಂದಿನಾಚೆಯ ಒಂದು ಹೊಲ ದೊಡ್ಡದು. ಇದರಲ್ಲಿ ನನಗೆ ಬೇಸರವಿಲ್ಲ. ಆ ಹೊಲವನ್ನು ಸರಿಯಾಗಿ ನೋಡಲು ನಾವು ಕಲಿಯಬೇಕು, ಅಷ್ಟೇ.

ಸರಿಯಾಗಿ ನೋಡುವುದೆಂದರೇನು? ರವದಿ ಸುಟ್ಟ ಹೊಲ ಮೂರು ವಾರಗಳಲ್ಲಿ ಸ್ವಚ್ಛವಾಗಿ, ಹಸಿರಾಗಿ ಕಾಣುತ್ತದೆ. ರವದಿ ಹೊದಿಸಿದ ಹೊಲ ಅಸ್ತವ್ಯಸ್ತವಾಗಿ ಕಾಣುತ್ತದೆ. ಮೇಲಾಗಿ, ರವದಿ ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ಮೊದಲು ತಾವೇ ಬಳಸಿಕೊಳ್ಳುವುದರಿಂದ ಕುಳೆಯ ಎಲೆ ಕೆಲವು ದಿನ ಹಳದಿಯಾಗಬಹುದು. ರಸ್ತೆಯ ಮೇಲೆ ನಿಂತು ನೋಡಿದವರು ಸುಟ್ಟವನೇ ಜಾಣ ಎನ್ನುತ್ತಾರೆ. ಆದರೆ ಎಕರೆಗೆ ಮೂರು-ನಾಲ್ಕು ಟನ್ನು ಬೀಳುವ ರವದಿಯಲ್ಲಿ ಟನ್ನಿಗೆ ಸುಮಾರು 4-5 ಕೆ.ಜಿ. ಸಾರಜನಕವಿರುತ್ತದೆ. ಸುಟ್ಟರೆ ಪೊಟ್ಯಾಶ್ ಬೂದಿಯಲ್ಲಿ ಉಳಿದೀತು, ಸಾರಜನಕದ ಬಹುಭಾಗ ಹೊಗೆಯ ಪಾಲು. ಹೊದಿಸಿದರೆ ತೇವ ಉಳಿಯುತ್ತದೆ, ಕಸ ಕಡಿಮೆಯಾಗುತ್ತದೆ. ಬೇಸಿಗೆಯಲ್ಲಿ ಬಾವಿಯ ತಳ ಕಾಣುವ ನಮ್ಮ ಸೊಲ್ಲಾಪುರ ಸೀಮೆಯಲ್ಲಿ ಒಂದು ಪಾಳಿ ನೀರು ಉಳಿಯುವುದೆಂದರೆ ಏನೆಂದು ನಿಮಗೆ ಹೇಳಬೇಕಾಗಿಲ್ಲ. ಈ ಲಾಭ ರಸ್ತೆಯ ಮೇಲೆ ನಿಂತವರಿಗೆ ಕಾಣುವುದಿಲ್ಲ.

ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನೌಕರಿಯ ಮೊದಲ ವರ್ಷಗಳಲ್ಲಿ ಒಂದು ಹಳ್ಳಿಯ ಸಭೆಯಲ್ಲಿ "ಯಾರು ಯಾರು ರವದಿ ಸುಡುವುದಿಲ್ಲ, ಕೈ ಎತ್ತಿರಿ" ಎಂದೆ. ಎಲ್ಲರೂ ಎತ್ತಿದರು. ನಾನು ಸಂತೋಷದಿಂದ ವರದಿ ಬರೆದೆ. ಒಬ್ಬ ಕೈ ಎತ್ತಿದನೆಂದು ಮತ್ತೊಬ್ಬ ಎತ್ತಿದ್ದು ನನಗೆ ಹೊಳೆಯಲಿಲ್ಲ. ಆ ವರ್ಷ ಮಾತು ಉಳಿಸಿಕೊಂಡವರು ಒಬ್ಬರೇ, ಎರಡೆಕರೆಯ ಸಣ್ಣ ರೈತರು. ರವದಿಯ ಮೇಲೆ ಯೂರಿಯಾ ಹಾಕಬೇಕೆಂದು ನಾನು ಒತ್ತಿ ಹೇಳಿರಲಿಲ್ಲ. ಕುಳೆ ಹಳದಿಯಾಯಿತು. ಚಹಾದ ಅಂಗಡಿಯಲ್ಲಿ ದಿನಾಲೂ ನಗೆಚಾಟಿಕೆ. ಒಂದು ಸಂಜೆ ಅವರು ಎಲ್ಲ ರವದಿಯನ್ನು ಬಾಂದಿಗೆ ಒಟ್ಟಿ ಬೆಂಕಿ ಇಟ್ಟರು. ಮರುದಿನ ನಾನು ಹೋದಾಗ, "ಹೊಲ ಹಳದಿ ಆದ್ರ ತಡಕೋತಿದ್ದೆ ಸಾಹೇಬ್ರ, ಒಬ್ಬನ ಆದೆ ನೋಡ್ರಿ, ಅದು ತಡೀಲಿಲ್ಲ" ಎಂದರು. ಆ ಹಳ್ಳಿಯಲ್ಲಿ ಮುಂದೆ ಬಹಳ ವರ್ಷ ಯಾರೂ ರವದಿಯ ಮಾತೆತ್ತಲಿಲ್ಲ. ದೋಷ ಅವರದಲ್ಲ. ಅವರನ್ನು ಒಬ್ಬಂಟಿಯಾಗಿ ಬಿಟ್ಟವನು ನಾನು.

ಆದುದರಿಂದ ಈ ಸಲ ನಾನು ಕೈ ಎತ್ತಿರಿ ಎನ್ನುವುದಿಲ್ಲ. ಬೇರೆ ರೀತಿ ಮಾಡೋಣ.

ಮೊದಲನೆಯದು, ಒಬ್ಬರೇ ಮಾಡಬೇಡಿರಿ. ಬಾಂದಿಗೆ ಬಾಂದು ಹತ್ತಿದ ಮೂವರು ಸಭಾಸದರು ಕೂಡಿ ನಿಶ್ಚಯಿಸಿರಿ. ಇದರಿಂದ ಪಕ್ಕದ ಹೊಲದ ಬೆಂಕಿ ನಿಮ್ಮ ರವದಿಗೆ ಹಾರುವ ಭಯವೂ ಕಡಿಮೆಯಾಗುತ್ತದೆ.

ಎರಡನೆಯದು, ಕುಳೆಯ ಬುಡಗಳನ್ನು ನೆಲಮಟ್ಟಕ್ಕೆ ಸವರಿ, ರವದಿಯನ್ನು ಸಾಲುಗಳಲ್ಲಿ ಹರಡಿ, ಎಕರೆಗೆ 32 ಕೆ.ಜಿ. ಯೂರಿಯಾ, 40 ಕೆ.ಜಿ. ಸೂಪರ್ ಫಾಸ್ಫೇಟ್ ಮತ್ತು 4 ಕೆ.ಜಿ. ರವದಿ ಕೊಳೆಸುವ ಜೀವಾಣು ಗೊಬ್ಬರ ಹಾಕಿ ನೀರು ಬಿಡಿರಿ. ಯೂರಿಯಾ ತಪ್ಪಿಸಬೇಡಿರಿ.

ಮೂರನೆಯದು, ನನ್ನ ಮಾತನ್ನೂ ಹಾಗೆಯೇ ನಂಬಬೇಡಿರಿ. ನಿಮ್ಮ ಹತ್ತು ಗುಂಠೆಯನ್ನು ಯಾವಾಗಿನ ಪದ್ಧತಿಯಲ್ಲೇ ಇಡಿರಿ, ಪಕ್ಕದ ಹತ್ತು ಗುಂಠೆಗೆ ರವದಿ ಹೊದಿಸಿರಿ. ಜಮೀನು, ತಳಿ, ಕಟಾವಿನ ದಿನ ಒಂದೇ ಇರಲಿ. ನೀರಿನ ಪಾಳಿ ಎಷ್ಟು, ಕಸದ ಆಳುಗಳೆಷ್ಟು ಎಂದು ಬರೆದಿಡಿರಿ. ಮುಂದಿನ ಹಂಗಾಮಿನಲ್ಲಿ ಎರಡೂ ತುಂಡುಗಳ ಕಬ್ಬನ್ನು ಬೇರೆ ಬೇರೆಯಾಗಿ ಕಾಟಾದ ಮೇಲೆ ತೂಗಿಸಿರಿ. ಚಹಾದ ಅಂಗಡಿಯ ಮಾತಿಗೆ ಕಾಟಾದ ಚೀಟಿಯೇ ಉತ್ತರ ಕೊಡಲಿ.

ಜೊತೆಗಾರರ ಹೆಸರುಗಳನ್ನು ಗಟ್ ಕಚೇರಿಯಲ್ಲಿ ಕೂಡಿಯೇ ಬರೆಯಿಸಿರಿ. ರವದಿ ಹರಡುವ ದಿನ ನಾನು ಬರುತ್ತೇನೆ. ಎಲೆ ಹಳದಿಯಾಗಿ ಜನ ನಗುವ ಮೂರನೆಯ ವಾರದಲ್ಲಿಯೂ ತಪ್ಪದೆ ಬರುತ್ತೇನೆ. ನಿಮ್ಮ ಬಾಂದಿನ ಮೇಲೆ ನಿಮ್ಮ ಜೊತೆಗೆ ನಿಲ್ಲುತ್ತೇನೆ. ಹಿಂದೆ ನಾನು ಮಾಡದೆ ಬಿಟ್ಟ ಕೆಲಸ ಅದು.