ಮೊದಲು ನೀರು, ಚಿಲಕ, ಆಮೇಲೆ ಬಣ್ಣ





ಸಾಲಿ ಚಂದ ಮಾಡೋದು ಅಂದರೆ ಗೋಡೆಗೆ ಬಣ್ಣ ಹಚ್ಚೋದು ಅಂತ ತಿಳಿಯುತ್ತೇವೆ. ಬಣ್ಣ ಬೇಕು, ಖರೆ. ಆದರೆ ಶೌಚಾಲಯಕ್ಕೆ ಚಿಲಕ ಇಲ್ಲ, ನೀರಿಲ್ಲ ಅಂದರೆ ದೊಡ್ಡಾಕಿ ಆದ ಮಗಳು ಮುಟ್ಟಿನ ದಿನ ಮನೆಯಲ್ಲೇ ಉಳಿಯುತ್ತಾಳೆ. ಪಾಠ ಹಿಂದೆ ಬೀಳುತ್ತದೆ. ಆಮೇಲೆ ಸಾಲಿ ಬಿಡಿಸಿ ಮದುವೆ ಮಾತು ಸುರು!

ಇದು ಯಾರ ಉಪಕಾರವೂ ಅಲ್ಲ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಗಂಡು-ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು, ಆಟದ ಮೈದಾನ, ಕಂಪೌಂಡ್ ಅಥವಾ ಬೇಲಿ ಇರಲೇಬೇಕು. ಸರ್ಕಾರಿ ಶಾಲೆಯ ಎಸ್.ಡಿ.ಎಂ.ಸಿ.ಯಲ್ಲಿ ಅರ್ಧದಷ್ಟು ಹೆಂಗಸರಿರಬೇಕು. ಹೆಸರು ನಿಮ್ಮದು, ಸಭೆಗೆ ಹೋಗುವವರು ಯಜಮಾನರು ಎಂದಾಗಬಾರದು.

ಇನ್ನು ಗಿಡದ ಮಾತು. ನಮ್ಮದು ಮಳೆ ಕಡಿಮೆ ಇರುವ ಜಿಲ್ಲೆ. ಬೇವು, ಹೊಂಗೆ, ಹುಣಸೆ ಬಿಸಿಲು ತಾಳುತ್ತವೆ. ಹಚ್ಚಿ, ಫೋಟೋ ತೆಗೆಸಿ ಬಿಟ್ಟರೆ ಆಡು ತಿನ್ನುತ್ತದೆ. ಮುಳ್ಳುಬೇಲಿ ಹಾಕಿ. ಮಕ್ಕಳು ತಾಟು ತೊಳೆದ ನೀರನ್ನು ಬುಡಕ್ಕೆ ಹರಿಸಿ. ಬೇಸಿಗೆ ರಜೆಯಲ್ಲಿ ಸಂಘದವರೇ ಪಾಳಿ ಹಚ್ಚಿ ಕೊಡ ನೀರು ಹಾಕೋಣ. ಐವತ್ತು ಹಚ್ಚಿ ಒಣಗಿಸುವುದಕ್ಕಿಂತ ಐದು ಉಳಿಸುವುದು ಮೇಲು.

ಮುಂದಿನ ವಾರದೊಳಗೆ ಮೂರು ಕೆಲಸ ಮಾಡೋಣ. ಇಬ್ಬರು ಸಾಲಿಗೆ ಹೋಗಿ ಶೌಚಾಲಯ, ನೀರು, ಬೇಲಿ ನೋಡಿ ಬನ್ನಿ. ಕೊರತೆಗಳನ್ನು ಸಂಘದ ಠರಾವು ಪುಸ್ತಕದಲ್ಲಿ ಬರೆಯಿರಿ. ಎಸ್.ಡಿ.ಎಂ.ಸಿ.ಗೂ ಪಂಚಾಯತಿಗೂ ಅರ್ಜಿ ಕೊಟ್ಟು, ಮುಟ್ಟಿದ್ದಕ್ಕೆ ಸಹಿ ತಗೊಳ್ಳಿ. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿರಿ. ಒಬ್ಬಾಕಿ ಕೇಳಿದರೆ ದನಿ ಸಣ್ಣದು. ಸಂಘ ಕೇಳಿದರೆ ಊರೇ ಕೇಳಿದಂತೆ.